ದಿಬ್ಬದಲ್ಲಿ ಮಾತ್ರ ಸೋರುವ ಗಾಳಿ

ಎಂಜಿನ್ನಿನಿಂದ ಎಣ್ಣೆ ಸೋರಿದರೆ ಬಸ್ಸು ನಿಂತ ಜಾಗದಲ್ಲಿ ನೆಲ ಕಪ್ಪಾಗಿರುತ್ತದೆ. ನೀರು ಸೋರಿದರೆ ಚಾಲಕನ ಎದುರಿನ ಬಿಸಿ ಅಳೆಯುವ ಮುಳ್ಳು ಕೆಂಪಿಗೆ ಏರುತ್ತದೆ. ಡೀಸೆಲ್ ಸೋರಿದರೆ ಮೂಗಿಗೇ ಗೊತ್ತಾಗುತ್ತದೆ. ಗಾಳಿ ಸೋರಿದರೆ ಮಾತ್ರ ಹೇಳುವವರಿಲ್ಲ. ಬಸ್ಸು ಓಡುತ್ತಲೇ ಇರುತ್ತದೆ, ಊರು ಮುಟ್ಟುತ್ತದೆ, ಮರಳಿ ಬರುತ್ತದೆ. ಹೊಗೆ ಸ್ವಲ್ಪ ಹೆಚ್ಚು, ಡೀಸೆಲ್ ಸ್ವಲ್ಪ ಹೆಚ್ಚು, ಏರಿನಲ್ಲಿ ಒಂದು ಗೇರು ಕಡಿಮೆ. ಬೈಗುಳ ಚಾಲಕನಿಗೆ ಬೀಳುತ್ತದೆ.

ನನ್ನ ಹೆಸರು ಹುಲಿಗೆಮ್ಮ. ಊರು ಯಲಬುರ್ಗಾ ಸೀಮೆಯ ತಳಕಲ್. ಅಪ್ಪ ಅವ್ವ ಇಬ್ಬರೂ ಕೂಲಿ ಮಾಡಿ ಬದುಕಿದವರು. ನಾನು ಐಟಿಐನಲ್ಲಿ ಡೀಸೆಲ್ ಮೆಕ್ಯಾನಿಕ್ ಓದಿ, ಬಸ್ ಡಿಪೊ ಸೇರಿ, ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಟ್ಟು ಬಿಗಿಯುವ ಪಾನಾ ಹಿಡಿದು ನಿವೃತ್ತಳಾದೆ. ಈಗ ಡಿಪೊಗೆ ಸೇರುವ ಮಕ್ಕಳಲ್ಲಿ ಹೆಣ್ಣುಮಕ್ಕಳೂ ಇದ್ದಾರೆಂದು ಕೇಳಿ ಸಂತೋಷವಾಗಿದೆ. ಆ ಎಲ್ಲ ಮಕ್ಕಳಿಗಾಗಿ ಇದನ್ನು ಬರೆಯುತ್ತಿದ್ದೇನೆ. ಯಾವ ಡಿಪೊ ಎಂದು ಹೇಳುವುದಿಲ್ಲ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಡುವೆ ಬಸ್ಸು ಓಡಿಸುವ ಡಿಪೊ ಎಂದರೆ ಸಾಕು. ಕೆಲವರು ಇನ್ನೂ ನೌಕರಿಯಲ್ಲಿದ್ದಾರೆ, ಆದ್ದರಿಂದ ಹೆಸರುಗಳನ್ನು ಬದಲಿಸಿದ್ದೇನೆ. ನನ್ನದನ್ನು ಮಾತ್ರ ಬದಲಿಸಿಲ್ಲ.

ಸೇರಿದ ಮೊದಲ ವಾರ ಯಾರೂ ನನಗೆ ಕೆಲಸ ಹೇಳಲಿಲ್ಲ. ಸೀರೆ ಉಟ್ಟವಳು ಬಸ್ಸಿನ ಅಡಿ ನಿಂತು ಕೆಲಸ ಮಾಡುವ ಗುಂಡಿಗೆ, ಅಂದರೆ ಪಿಟ್ಟಿಗೆ, ಇಳಿಯುವುದು ಹೇಗೆ ಎಂಬುದೇ ಎಲ್ಲರ ಚಿಂತೆ. ಸ್ಟೋರ್ ರೂಮಿನಲ್ಲಿ ಒಂದು ಕುರ್ಚಿ ಹಾಕಿ ಕೂಡಿಸಿದ್ದರು. ಎಂಟನೆಯ ದಿನ ಹೆಡ್ ಮೆಕ್ಯಾನಿಕ್ ಮೌಲಾಸಾಬರು ಬಾಗಿಲಲ್ಲಿ ಬಂದು ನಿಂತರು.

"ಏ ತಂಗಿ, ನಿನ್ನ ಕುರ್ಚಿ ಕಾಯಾಕ ಕಳಿಸ್ಯಾರೇನು? ನಾಳಿಂದ ಪ್ಯಾಂಟ್ ಹಾಕ್ಕೊಂಡು ಬಾ. ಪಿಟ್ಟಿನ್ಯಾಗ ಕೆಲಸ ಭಾಳ ಐತಿ."

ಅಂದು ಸಂಜೆಯೇ ನೀಲಿ ಬಟ್ಟೆ ತೆಗೆದುಕೊಂಡು ಟೇಲರ್ ಹತ್ತಿರ ಹೋದೆ. "ಅಳತಿ ಯಾರದ್ರಿ, ತಮ್ಮಂದೇನು?" ಎಂದು ಕೇಳಿದ. "ನಂದು" ಎಂದೆ. ಅವನು ಅಳತೆ ತೆಗೆದುಕೊಂಡು ರಾತ್ರಿಯೇ ಹೊಲಿದು ಕೊಟ್ಟ. ಮರುದಿನ ಬೆಳಿಗ್ಗೆ ನಾನು ಪಿಟ್ಟಿನಲ್ಲಿದ್ದೆ. ಅಲ್ಲಿಂದ ಮುಂದೆ ನನ್ನನ್ನು ಯಾರೂ ಸ್ಟೋರ್ ರೂಮಿಗೆ ಕಳಿಸಲಿಲ್ಲ.

ನಮ್ಮ ಡಿಪೊಗೆ ಟರ್ಬೊ ಬಸ್ಸುಗಳು ಬಂದದ್ದು ಅದಾದ ಕೆಲವು ವರ್ಷಗಳ ಮೇಲೆ. ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸದಲ್ಲಿ ಒಂದು ಚಕ್ರ ತಿರುಗುತ್ತದೆ. ಅದೇ ಸಲಾಕೆಯ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಎಳೆದು, ಒತ್ತಿ, ಎಂಜಿನ್ನಿಗೆ ತುಂಬುತ್ತದೆ. ಒತ್ತಿದ ಗಾಳಿ ಬಿಸಿಯಾಗುವುದರಿಂದ ಅದನ್ನು ತಣಿಸಲು ರೇಡಿಯೇಟರಿನ ಮುಂದೆ ಇಂಟರ್‌ಕೂಲರ್ ಇರುತ್ತದೆ. ಇವಿಷ್ಟನ್ನೂ ಜೋಡಿಸುವುದು ತೋಳಿನಷ್ಟು ದಪ್ಪದ ಕೊಳವೆಗಳು, ನಡುನಡುವೆ ರಬ್ಬರ್ ಹೋಸುಗಳು, ಅವುಗಳನ್ನು ಬಿಗಿಯುವ ಕ್ಲಿಪ್ಪುಗಳು. ನಮ್ಮ ಅವ್ವ ಒಲೆಗೆ ಊದುತ್ತಿದ್ದ ಊದುಗೊಳವಿ ಒಮ್ಮೆ ನಡುವೆ ಸೀಳಿತ್ತು. ಎಷ್ಟು ಊದಿದರೂ ಕಟ್ಟಿಗೆ ಹೊತ್ತಲಿಲ್ಲ, ಮನೆ ತುಂಬ ಹೊಗೆಯಾಯಿತು. ಟರ್ಬೊ ಗಾಳಿ ಸೋರಿಕೆಯೂ ಅದೇ. ಡೀಸೆಲ್ ಹೋಗುತ್ತದೆ, ಅದನ್ನು ಉರಿಸುವ ಗಾಳಿ ಸಾಲುವುದಿಲ್ಲ, ಬಸ್ಸು ಕಪ್ಪು ಹೊಗೆ ಉಗುಳುತ್ತ ದಿಬ್ಬದಲ್ಲಿ ತೆವಳುತ್ತದೆ.

ನನ್ನ ಮೊದಲ ತಪ್ಪು ಗಾಳಿ ಸೋರಿದ್ದಲ್ಲ, ಗಾಳಿಯನ್ನು ಕಟ್ಟಿಹಾಕಿದ್ದು. ಹೋಸ್ ಬದಲಿಸುವಾಗ ಕೊಳವೆಯೊಳಗೆ ಕಸ ಬೀಳಬಾರದೆಂದು ಬಾಯಿಗೆ ಬಟ್ಟೆ ತುರುಕಿದ್ದೆ. ಕೆಲಸ ಮುಗಿಸಿ ಹೋಸ್ ಹಾಕಿ ಬಿಗಿದೆ. ಬಟ್ಟೆ ಒಳಗೇ ಉಳಿಯಿತು. ಬಸ್ಸು ಊರ ಹೊರಗಿನ ಪೆಟ್ರೋಲ್ ಬಂಕ್ ದಾಟುವಷ್ಟರಲ್ಲಿ ಉಸಿರು ಕಟ್ಟಿದಂತೆ ಮಾಡಿ ಹಿಂದಕ್ಕೆ ಬಂತು. ಮೌಲಾಸಾಬರು ಹೋಸ್ ಬಿಚ್ಚಿ, ಎರಡು ಬೆರಳಿನಿಂದ ಬಟ್ಟೆಯನ್ನು ಎಳೆದು ನನ್ನ ಮುಂದೆ ಹಿಡಿದರು. ಎಲ್ಲರೂ ನೋಡುತ್ತಿದ್ದರು.

"ಇದು ಟರ್ಬೊ ಮುಂದಿನ ಬಾಯಾಗ ಇದ್ದಿದ್ರ ಚಕ್ರ ಪುಡಿ ಪುಡಿ ಆಗಿರ್ತಿತ್ತು. ನಸೀಬು ಛಲೋ ಐತಿ ನಿಂದು."

ಅಷ್ಟೇ ಅಂದರು. ಅಂದಿನಿಂದ ನಾನು ಬಾಯಿ ಮುಚ್ಚಲು ಕೆಂಪು ಬಟ್ಟೆಯನ್ನೇ ಬಳಸಿದೆ, ಅದೂ ಒಂದು ಮೊಳ ಹೊರಗೆ ನೇತಾಡುವಂತೆ. ಮಕ್ಕಳೇ, ನೀವೂ ಹಾಗೇ ಮಾಡಿ. ನೆನಪಿನ ಮೇಲೆ ಭಾರ ಹಾಕಬೇಡಿ.

ಮೌಲಾಸಾಬರು ದೊಡ್ಡ ಕೆಲಸಗಾರರು. ಅವರ ಒಂದು ಅಭ್ಯಾಸ ಮಾತ್ರ ತಪ್ಪಾಗಿತ್ತು. ಹೊಸ ಹೋಸ್ ಸುಲಭವಾಗಿ ಏರಲೆಂದು ಕೊಳವೆಯ ಬಾಯಿಗೆ ಎಂಜಿನ್ ಆಯಿಲ್ ಸವರುತ್ತಿದ್ದರು. ಹೋಸ್ ಸರ್ರನೆ ಏರುತ್ತಿತ್ತು. ಹದಿನೈದು ದಿನಕ್ಕೆ ಅಷ್ಟೇ ಸರ್ರನೆ ಜಾರಿ ಬರುತ್ತಿತ್ತು. ತರಬೇತಿಗೆ ಹೋದಾಗ ಅಲ್ಲಿಯ ಮೇಷ್ಟರು, ಎಣ್ಣೆಯ ಪಸೆ ಚೂರೂ ಉಳಿಯದಂತೆ ಒರೆಸಿ, ಒಣಗಿದ ಮೇಲೆಯೇ ಹೋಸ್ ಏರಿಸಬೇಕು, ಒಮ್ಮೆ ಎಂಜಿನ್ ಬಿಸಿಯಾಗಿ ತಣಿದ ಮೇಲೆ ಕ್ಲಿಪ್ಪನ್ನು ಇನ್ನೊಮ್ಮೆ ನೋಡಬೇಕು ಎಂದು ಹೇಳಿಕೊಟ್ಟಿದ್ದರು. ಬಂದು ಮೌಲಾಸಾಬರಿಗೆ ಹೇಳಿದೆ.

"ನೀ ಹುಟ್ಟೂಕಿಂತ ಮೊದ್ಲ ನಾ ಹೋಸ್ ಹಾಕೀನಿ" ಎಂದರು.

ವಾದ ಮಾಡಲಿಲ್ಲ. ಎರಡು ಬಸ್ಸು ಆರಿಸಿಕೊಂಡೆ. ಒಂದಕ್ಕೆ ಅವರು ಎಣ್ಣೆ ಸವರಿ ಹೋಸ್ ಹಾಕಿದರು, ಇನ್ನೊಂದಕ್ಕೆ ನಾನು ಒಣಗಿಸಿ ಹಾಕಿದೆ. ಎರಡರಲ್ಲೂ ಹೋಸ್ ಮತ್ತು ಕೊಳವೆ ಕೂಡುವ ಕಡೆ ಬಿಳಿ ಬಣ್ಣದಿಂದ ಒಂದು ಗೆರೆ ಎಳೆದೆ. ಅರ್ಧ ಗೆರೆ ರಬ್ಬರಿನ ಮೇಲೆ, ಅರ್ಧ ಕೊಳವೆಯ ಮೇಲೆ. ವಾರ ಕಳೆದು ಎರಡೂ ಬಸ್ಸು ಪಿಟ್ಟಿಗೆ ಬಂದವು. ನನ್ನ ಗೆರೆ ನೆಟ್ಟಗಿತ್ತು. ಅವರದು ಒಂದು ಬೆರಳು ಅಗಲ ಸರಿದು ಮುರಿದಿತ್ತು. ಮೌಲಾಸಾಬರು ಟಾರ್ಚ್ ಹಾಕಿ ನೋಡಿ ಹೋದರು. ಮರುದಿನ ಅವರು ಬೇರೆಯವರನ್ನು ಬೈಯುತ್ತಿದ್ದುದು ಪಿಟ್ಟಿನಿಂದಲೇ ಕೇಳಿಸಿತು: "ಎಣ್ಣಿ ಸವರಿ ಹೋಸ್ ಹಾಕ್ತೀರಲ್ಲ, ನಿಮಗ ಯಾರು ಕಲಿಸಿದ್ರು ಇದನ್ನ?" ನಾನು ನಕ್ಕೆ, ಆದರೆ ಗಟ್ಟಿಯಾಗಿ ನಗಲಿಲ್ಲ. ಆ ಬಿಳಿ ಗೆರೆ ನಮ್ಮ ಡಿಪೊದ ಪದ್ಧತಿಯಾಯಿತು.

ಸೋರಿಕೆ ಹುಡುಕುವ ಪದ್ಧತಿಯನ್ನೂ ನಾವು ಬಿದ್ದು ಎದ್ದು ಕಲಿತೆವು. ಮೊದಮೊದಲು ಬರೀ ಕಣ್ಣಿಂದ ನೋಡುತ್ತಿದ್ದೆವು. ಕುಕನೂರು, ಯಲಬುರ್ಗಾ ಕಡೆಯ ಧೂಳಿನ ರಸ್ತೆಯ ಬಸ್ಸುಗಳಲ್ಲಿ ಇದು ಸುಲಭ. ಟರ್ಬೊದಿಂದ ಬರುವ ಗಾಳಿಯಲ್ಲಿ ಸಣ್ಣಗೆ ಎಣ್ಣೆಯ ಆವಿ ಇರುತ್ತದೆ. ಸೋರುವ ಕಡೆ ಅದು ಅಂಟಿ, ಅದರ ಮೇಲೆ ಧೂಳು ಕೂತು, ಕಪ್ಪು ಒದ್ದೆ ಮಚ್ಚೆಯಾಗುತ್ತದೆ. ಕಾಣದ ಸೋರಿಕೆಗೆ ಮಾತ್ರ ಪರೀಕ್ಷೆ ಬೇಕು. ಟರ್ಬೊದ ಬಾಯಿಗೆ ಸರಿಹೊಂದುವ ಕಬ್ಬಿಣದ ಮುಚ್ಚಳವೊಂದನ್ನು ಲೇತಿನಲ್ಲಿ ಕಡೆಸಿ, ಅದಕ್ಕೆ ಹಳೆಯ ಟ್ಯೂಬಿನ ವಾಲ್ವ್ ಕೂಡಿಸಿದೆ. ಎಂಜಿನ್ ನಿಲ್ಲಿಸಿ, ಮುಚ್ಚಳ ಬಿಗಿದು, ಕಂಪ್ರೆಸರಿನಿಂದ ಗಾಳಿ ತುಂಬಿ, ಎಲ್ಲ ಜೋಡಣೆಗೆ ಸಾಬೂನು ನೀರು ಹಚ್ಚಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ. ಎಂಜಿನ್ನಿನಲ್ಲಿ ತೆರೆದಿರುವ ವಾಲ್ವಿನ ಮೂಲಕವೂ ಸ್ವಲ್ಪ ಗಾಳಿ ಒಳಗೆ ಹೋಗಿ ಬುಸುಗುಡುತ್ತದೆ, ಅದಕ್ಕೆ ಗಾಬರಿಯಾಗಬೇಕಿಲ್ಲ.

ಮೊದಲ ಸಲ ಟಯರಿಗೆ ಗಾಳಿ ಹಾಕುವ ಪೈಪನ್ನೇ ನೇರ ಜೋಡಿಸಿದೆ. ಒತ್ತಡ ಎಷ್ಟೆಂದು ಯೋಚಿಸಲೇ ಇಲ್ಲ. ಮುಚ್ಚಳ ಗುಂಡಿನಂತೆ ಹಾರಿ ಶೆಡ್ಡಿನ ತಗಡಿಗೆ ಬಡಿಯಿತು. ಎದುರು ಯಾರೂ ಇರಲಿಲ್ಲ. ಡಿಪೊದವರೆಲ್ಲ ಓಡಿಬಂದರು. ಆಮೇಲೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಇಲ್ಲದೆ ಆ ಮುಚ್ಚಳ ಮುಟ್ಟಲಿಲ್ಲ, ಎಂದೂ ಅದರ ಎದುರು ನಿಲ್ಲಲಿಲ್ಲ. ಇಷ್ಟರವರೆಗೆ ಸರಿ. ಆದರೆ ಆ ಹೆದರಿಕೆ ನನ್ನಲ್ಲಿ ಇನ್ನೊಂದು ಕೆಟ್ಟ ಅಭ್ಯಾಸ ಬಿಟ್ಟುಹೋಯಿತು. ಬಸ್ಸು ಓಡುವಾಗ ಕೊಳವೆಯಲ್ಲಿ ಇರುವಷ್ಟು ಒತ್ತಡ ಕೊಟ್ಟು ನೋಡಬೇಕಾದಲ್ಲಿ ನಾನು ಅರ್ಧ ಮಾತ್ರ ಕೊಡುತ್ತಿದ್ದೆ. ಅರ್ಧ ಒತ್ತಡಕ್ಕೆ ಅರ್ಧ ಸತ್ಯವೇ ಕಾಣುವುದು.

ಈಗ ಲ್ಯಾಪ್‌ಟಾಪ್ ಬಂದಿದೆ. ಬಸ್ಸಿಗೆ ತಂತಿ ಜೋಡಿಸಿದರೆ ಗಾಳಿಯ ಒತ್ತಡ ಪರದೆಯ ಮೇಲೆ ಕಾಣುತ್ತದೆ. ಹಳಬರಲ್ಲಿ ಕೆಲವರು ಅದನ್ನು ಹಳಿಯುತ್ತಾರೆ, ನಾನು ಹಳಿಯುವುದಿಲ್ಲ. ಆದರೆ ಒಂದು ಮಾತು. ನನ್ನ ಕೊನೆಯ ವರ್ಷಗಳಲ್ಲಿ ಒಂದು ಬಸ್ಸಿಗೆ 'ಒತ್ತಡ ಕಡಿಮೆ' ಎಂದು ಪರದೆ ತೋರಿಸಿತೆಂದು ನಮ್ಮವರು ಒತ್ತಡ ಅಳೆಯುವ ಸೆನ್ಸರನ್ನೇ ಎರಡು ಸಲ ಬದಲಿಸಿದರು. ಸೆನ್ಸರ್ ನಿಜವನ್ನೇ ಹೇಳುತ್ತಿತ್ತು. ನಾನು ಕಡ್ಡಿಗೆ ಕಟ್ಟಿದ ಕನ್ನಡಿಯನ್ನು ಹೋಸಿನ ಕೆಳಗೆ ಹಿಡಿದು ನೋಡಿದೆ. ಕ್ಲಿಪ್ಪಿನ ಅಂಚು ರಬ್ಬರನ್ನು ಕೊಯ್ದಿತ್ತು. ಗಾಳಿ ಕಡಿಮೆಯಾಗಿದೆ ಎಂದು ಯಂತ್ರ ಹೇಳುತ್ತದೆ, ಎಲ್ಲಿಂದ ಹೋಯಿತು ಎಂಬುದನ್ನು ನೀವೇ ಹುಡುಕಬೇಕು. ಬಸ್ಸು ಓಡುತ್ತಿರುವಾಗಲೇ ಒತ್ತಡ ನೋಡುವ ಅನುಕೂಲ ದೊಡ್ಡದು. ಅದು ಚಾಲಕ ಯಮನೂರಪ್ಪನ ಪ್ರಕರಣದ ಕಾಲದಲ್ಲಿ ಇದ್ದಿದ್ದರೆ ಅವನು ಎರಡು ತಿಂಗಳು ತಲೆ ತಗ್ಗಿಸಿ ತಿರುಗುವುದು ತಪ್ಪುತ್ತಿತ್ತು.

ಆ ಪ್ರಕರಣವನ್ನು ಬರೆಯಲು ಮನಸ್ಸು ಹಿಂಜರಿಯುತ್ತಿತ್ತು. ಅದಕ್ಕೇ ಕೊನೆಗೆ ಇಟ್ಟುಕೊಂಡೆ.

ಯಮನೂರಪ್ಪ ನಮ್ಮ ಡಿಪೊದ ಹಿರಿಯ ಚಾಲಕ. ಗಂಗಾವತಿಯಿಂದ ಕುಷ್ಟಗಿ ಮೇಲೆ ಯಲಬುರ್ಗಾಕ್ಕೆ ಹೋಗುವ ಬೆಳಗಿನ ಬಸ್ಸು ಅವನದು. ಮಾತು ಕಡಿಮೆ, ಆಕ್ಸಿಲರೇಟರ್ ಮೇಲೆ ಕಾಲು ಹಗುರ. ಡೀಸೆಲ್ ಉಳಿಸುವವರ ಪಟ್ಟಿಯಲ್ಲಿ ಅವನ ಹೆಸರು ಯಾವಾಗಲೂ ಮೇಲೆ ಇರುತ್ತಿತ್ತು. ಲೀಟರಿಗೆ ಎಷ್ಟು ಕಿಲೋಮೀಟರ್ ಓಡಿತು ಎಂಬುದೇ ಚಾಲಕನ ಮಾನ ಅಳೆಯುವ ಕೋಲು ನಮ್ಮಲ್ಲಿ. ಒಂದು ಬೇಸಿಗೆಯಲ್ಲಿ ಅವನ ಬಸ್ಸಿನ ಮೈಲೇಜ್ ಇಳಿಯತೊಡಗಿತು. ಮೊದಲು ಸ್ವಲ್ಪ, ಆಮೇಲೆ ಲೀಟರಿಗೆ ಅರ್ಧ ಕಿಲೋಮೀಟರ್.

ಅವನು ಲಾಗ್‌ಶೀಟಿನಲ್ಲಿ 'ಏರಿನಲ್ಲಿ ಎಳೆತ ಕಡಿಮೆ' ಎಂದು ಮೂರು ಸಲ ಬರೆದ. ಮೂರನೆಯ ಸಲ ಫೋರ್‌ಮನ್ ಶರಣಪ್ಪನವರು ಬಸ್ಸನ್ನು ನನಗೆ ಒಪ್ಪಿಸಿದರು. ಮೌಲಾಸಾಬರು ಆಗ ನಿವೃತ್ತರಾಗಿದ್ದರು, ಟರ್ಬೊ ಕೆಲಸವೆಂದರೆ ನಾನೇ ಎಂಬ ಮಾತಿತ್ತು, ನನಗೂ ಹಾಗೇ ಅನಿಸುತ್ತಿತ್ತು. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಮುಚ್ಚಳ ಬಿಗಿದೆ, ಗಾಳಿ ಕೊಟ್ಟೆ, ಸಾಬೂನು ನೀರು ಹಚ್ಚಿದೆ. ಒಂದು ಗುಳ್ಳೆಯೂ ಏಳಲಿಲ್ಲ. ಫಿಲ್ಟರ್ ನೋಡಿದೆ, ಇಂಟರ್‌ಕೂಲರಿಗೆ ಹತ್ತಿದ ಭತ್ತದ ಹೊಟ್ಟನ್ನು ಊದಿಸಿದೆ. 'ಗಾಳಿ ಸೋರಿಕೆ ಇಲ್ಲ. ವಾಹನದಲ್ಲಿ ದೋಷವಿಲ್ಲ' ಎಂದು ಬರೆದು ಸಹಿ ಮಾಡಿದೆ.

ಬಸ್ಸಿನಲ್ಲಿ ದೋಷವಿಲ್ಲ ಎಂದರೆ ದೋಷ ಯಾರಲ್ಲಿ? ಒಂದು ವಾರದಲ್ಲಿ ಯಮನೂರಪ್ಪನಿಗೆ ಮೆಮೊ ಬಂತು. ಡೀಸೆಲ್ ಹಾಳು ಮಾಡುವ ಚಾಲಕರ ಪಟ್ಟಿಯಲ್ಲಿ ಅವನ ಹೆಸರು ನೋಟಿಸ್ ಬೋರ್ಡಿಗೆ ಹತ್ತಿತು. ಅವನನ್ನು ಮಾರ್ಗದಿಂದ ತೆಗೆದು ಡಿಪೊ ಒಳಗೇ ಬಸ್ಸು ಸರಿಸುವ ಕೆಲಸಕ್ಕೆ ಹಾಕಿದರು. ಕ್ಯಾಂಟೀನಿನಲ್ಲಿ ಯಾರೋ ಅವನ ಬೆನ್ನ ಹಿಂದೆ, "ಕಾಲು ಭಾರ ಆಗಿಲ್ಲಪಾ, ಟ್ಯಾಂಕಿಗೆ ತೂತು ಬಿದ್ದೈತಿ" ಎಂದು ನಕ್ಕರು. ಡೀಸೆಲ್ ಕದ್ದು ಮಾರುತ್ತಾನೆ ಎಂಬುದು ಆ ಮಾತಿನ ಅರ್ಥ. ನಾನು ಚಹಾ ಕುಡಿಯುತ್ತಿದ್ದೆ. ಕೇಳಿಸಿಕೊಂಡೆ. ನನ್ನ ಪರೀಕ್ಷೆ ಸರಿಯಾಗಿದೆಯಲ್ಲ ಎಂದುಕೊಂಡು ಸುಮ್ಮನಿದ್ದೆ.

ಎರಡು ತಿಂಗಳಾಗುತ್ತ ಬಂದಾಗ ಅವನು ಪಿಟ್ಟಿನ ಅಂಚಿಗೆ ಬಂದು ಕೂತ.

"ಅಕ್ಕಾರ, ನೀವು ಸುಳ್ಳು ಬರಿಯಾವ್ರಲ್ಲ, ಅದು ನನಗ ಗೊತ್ತೈತಿ. ಆದ್ರ ಗಾಡ್ಯಾಗ ಏನೋ ಐತ್ರಿ. ನೀವು ಅದನ್ನ ನಿಲ್ಲಿಸಿ ನೋಡೀರಿ. ಒಂದ್ಸಲ ಓಡೂ ಗಾಡ್ಯಾಗ ಕುಂತು ನೋಡ್ರಿ."

"ಪರೀಕ್ಷೆ ಮಾಡೀನಲ್ಲ ಯಮನೂರಪ್ಪಣ್ಣ."

"ಇಪ್ಪತ್ತಾರು ವರ್ಷ ಸ್ಟೇರಿಂಗ್ ಹಿಡದೀನ್ರಿ. ನನ್ನ ಮಗಳು ನಿನ್ನೆ ಕೇಳಿದ್ಲು, ಅಪ್ಪಾ, ಡೀಸೆಲ್ ಮಾರಿದ್ರ ಎಷ್ಟ ಬರತೈತಿ ಅಂತ. ಸಾಲ್ಯಾಗ ಯಾರೋ ಅಂದಾರಂತ."

ಅವನ ದನಿ ಏರಲಿಲ್ಲ. ಏರಿದ್ದರೆ ನಾನು ಉತ್ತರ ಕೊಡುತ್ತಿದ್ದೆನೇನೋ. ಅದು ಗುರುವಾರ. ಶನಿವಾರ ನನ್ನ ವಾರದ ರಜೆ. "ಶನಿವಾರ ಹೋಗೋಣು" ಎಂದೆ.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಟಿಕೆಟ್ ತೆಗೆಸಿ ಆ ಬಸ್ಸು ಹತ್ತಿದೆವು. ಬೇರೆ ಚಾಲಕ ಓಡಿಸುತ್ತಿದ್ದ. ಅವನ ಕೈಯಲ್ಲೂ ಮೈಲೇಜ್ ಇಳಿಯುತ್ತಲೇ ಇತ್ತು, ಆದರೆ ಹೊಸಬನೆಂದು ಯಾರೂ ಕೇಳಿರಲಿಲ್ಲ. ಆ ಬಸ್ಸುಗಳಲ್ಲಿ ಎಂಜಿನ್ ಚಾಲಕನ ಪಕ್ಕದಲ್ಲೇ, ದೊಡ್ಡ ಬಾನೆಟ್ಟಿನ ಕೆಳಗೆ ಇರುತ್ತದೆ. ನಾನು ಮುಂದಿನ ಸೀಟಿನಲ್ಲಿ ಕೂತು ಕಿವಿಗೊಟ್ಟೆ. ಗಂಗಾವತಿಯ ಗದ್ದೆ ಬಯಲಿನಲ್ಲಿ ಬಸ್ಸು ಚೆನ್ನಾಗಿಯೇ ಓಡಿತು. ನನ್ನ ಪಕ್ಕ ಒಬ್ಬ ಹೆಂಗಸು ಕೂತಿದ್ದಳು. ಈರಮ್ಮ ಅಂತ, ಆನೆಗೊಂದಿಯವಳು. ದಿನಾ ಅದೇ ಬಸ್ಸಿಗೆ ಬಾಳೆಹಣ್ಣು ಹೇರಿಕೊಂಡು ಕುಷ್ಟಗಿಗೆ ಮಾರಲು ಹೋಗುವವಳು. ಎರಡು ಬುಟ್ಟಿಗಳನ್ನು ಬಾನೆಟ್ಟಿನ ಹತ್ತಿರ ಇಡದೆ ತನ್ನ ಕಾಲಿನ ಮೇಲೆಯೇ ಇಟ್ಟುಕೊಂಡು ಇಕ್ಕಟ್ಟಿನಲ್ಲಿ ಕೂತಿದ್ದಳು.

"ಅಲ್ಲಿ ಜಾಗ ಐತಲ್ಲ ಯವ್ವಾ, ಕೆಳಗ ಇಡಬಾರದ?" ಎಂದೆ.

"ಬ್ಯಾಡ ತಾಯಿ. ಆ ಮೂಲ್ಯಾಗ ಇಟ್ರ ಹಣ್ಣು ಕರ್ರಗ ಆಕ್ಕಾವ."

"ಎಂಜಿನ್ ಬಿಸಿ ಇರತೈತಿ, ಅದಕ್ಕ."

"ಎಂಜಿನ್ ಏನು ನಿನ್ನೆ ಮೊನ್ನೆ ಬಂದೈತೇನು? ಏಳು ವರ್ಷದಿಂದ ಅಲ್ಲೇ ಇಡ್ತಿದ್ನಿ, ಏನೂ ಆಗ್ತಿರಲಿಲ್ಲ. ಈಗ ಎರಡ ಮೂರು ತಿಂಗಳಿಂದ ಹಿಂಗ. ಅದೂ ದಿಬ್ಬ ಬಂದಾಗಷ್ಟ. ಕಾಲಿಗೆ ಬುಸ್ ಅಂತ ಬಿಸಿ ಗಾಳಿ ಹೊಡಿತೈತಿ. ಕಂಡಕ್ಟರಗ ಹೇಳಿದ್ರ ನಗತಾನ."

ನಾನು ಯಮನೂರಪ್ಪನ ಮುಖ ನೋಡಿದೆ. ಅವನು ಎದ್ದು ಬಂದು ಕಂಬಿ ಹಿಡಿದು ನಿಂತ.

ಗದ್ದೆ ಮುಗಿದು ಒಣ ಹೊಲ ಶುರುವಾಗುವ ಕಡೆ ರಸ್ತೆ ಏರುತ್ತದೆ. ನಾನು ಕೆಳಗೆ ಕೂತು ಬಾನೆಟ್ಟಿನ ಬುಡದ ಸಂದಿಗೆ ಅಂಗೈ ಒಡ್ಡಿದೆ. ಚಾಲಕ ಗೇರು ಇಳಿಸಿ ಆಕ್ಸಿಲರೇಟರ್ ಒತ್ತಿದ. ಎಂಜಿನ್ ಒಂದು ಕಡೆ ವಾಲಿದಂತಾಯಿತು. ಆ ಕ್ಷಣಕ್ಕೆ ಬಿಸಿ ಗಾಳಿ ನನ್ನ ಅಂಗೈಗೆ ಬಡಿಯಿತು. ದಿಬ್ಬ ಮುಗಿಯುವವರೆಗೂ ಬಡಿಯಿತು. ಮೇಲೆ ಸಮತಟ್ಟು ಬಂತು, ಗಾಳಿ ನಿಂತಿತು. ಮುಂದಿನ ದಿಬ್ಬದಲ್ಲಿ ಮತ್ತೆ ಬಂತು.

"ಬಂತೇನ್ರಿ?" ಎಂದ ಯಮನೂರಪ್ಪ.

"ಬಂತು."

ಅವನು ಕಿಟಕಿಯ ಕಡೆ ಮುಖ ತಿರುಗಿಸಿ ನಿಂತ. ಕುಷ್ಟಗಿ ಬಂತು. ಈರಮ್ಮ ನನ್ನ ಕೈಗೆ ಎರಡು ಹಣ್ಣು ಇಟ್ಟಳು. "ನೀವು ರಿಪೇರಿ ಮಾಡಾವ್ರೇನು? ಮೊದಲ ಬಂದಿದ್ರ ನನ್ನ ಹಣ್ಣರ ಉಳಿತಿದ್ದುವು" ಎಂದಳು. ನಾನು ತಲೆದೂಗಿದೆ.

ಮರುದಿನ ಬಸ್ಸನ್ನು ಬಯಲಲ್ಲಿ ನಿಲ್ಲಿಸಿ, ಚಕ್ರಗಳಿಗೆ ಮರದ ದಿಮ್ಮಿ ಕೊಟ್ಟು, ಮುಂದೆ ಹಿಂದೆ ಯಾರೂ ಬರದಂತೆ ನೋಡಿಕೊಂಡೆ. ಟಯರ್ ವಿಭಾಗದಿಂದ ಟ್ಯೂಬಿಗೆ ಹಚ್ಚುವ ಬಿಳಿ ಪುಡಿ ತಂದು ಕೊಳವೆಗೆಲ್ಲ ಉದುರಿಸಿದೆ. ಯಮನೂರಪ್ಪ ಬ್ರೇಕ್ ಒತ್ತಿ ಹಿಡಿದು, ಗೇರು ಹಾಕಿ, ಕ್ಲಚ್ಚನ್ನು ಕೂದಲೆಳೆಯಷ್ಟು ಬಿಟ್ಟ. ಎಂಜಿನ್ನಿಗೆ ಭಾರ ಬಿತ್ತು. ಅದರ ಎಡ ಬದಿ ಎರಡು ಬೆರಳು ಮೇಲಕ್ಕೆದ್ದಿತು. ಎಂಜಿನ್ ಕೂತಿರುವ ಮೌಂಟಿಂಗ್ ರಬ್ಬರ್ ಸತ್ತುಹೋಗಿತ್ತು. ಎಂಜಿನ್ ಎದ್ದಾಗ ಟರ್ಬೊದಿಂದ ಇಂಟರ್‌ಕೂಲರಿಗೆ ಹೋಗುವ ಕಬ್ಬಿಣದ ಕೊಳವೆ ತಿರುಚುತ್ತಿತ್ತು. ಅದನ್ನು ಹಿಡಿದ ಪಟ್ಟಿಯ ವೆಲ್ಡಿಂಗ್ ಪಕ್ಕದಲ್ಲಿ ಬಿಳಿ ಪುಡಿ ಫಕ್ಕನೆ ಹಾರಿತು. ಬೆರಳುದ್ದದ ಒಂದು ಬಿರುಕು. ಎಂಜಿನ್ ಕೂತರೆ ಮುಚ್ಚಿಕೊಳ್ಳುತ್ತಿತ್ತು, ಎದ್ದರೆ ಬಾಯಿ ತೆರೆಯುತ್ತಿತ್ತು. ನಿಂತ ಬಸ್ಸಿನಲ್ಲಿ, ತಣ್ಣನೆಯ ಎಂಜಿನ್ನಿನಲ್ಲಿ, ಅರ್ಧ ಒತ್ತಡದಲ್ಲಿ ನನಗೆ ಗುಳ್ಳೆ ಕಾಣದೇ ಇದ್ದದ್ದು ಯಾಕೆಂದು ಆಗ ಅರ್ಥವಾಯಿತು.

ನಾನು ಆ ಕೊಳವೆ ಬಿಚ್ಚಿಕೊಂಡು ಫೋರ್‌ಮನ್ ಶರಣಪ್ಪನವರ ಹತ್ತಿರ ಹೋದೆ. ಅವರು ಕೆಟ್ಟವರಲ್ಲ. ತಮ್ಮ ಕೈಕೆಳಗಿನವರನ್ನು ಕಾಪಾಡಬೇಕೆನ್ನುವವರು.

"ಛಲೋ ಆತು, ಸಿಕ್ತಲ್ಲ. ಇವತ್ತಿನ ತಾರೀಖು ಹಾಕಿ ಹೊಸ ದೋಷ ಕಂಡುಬಂತು ಅಂತ ಬರಿ. ಹಳೇ ರಿಪೋರ್ಟ್ ಮುಟ್ಟಬ್ಯಾಡ."

"ಹಂಗ ಬರದ್ರ ಆ ಎರಡ ತಿಂಗಳು ಯಮನೂರಪ್ಪನ ತಲಿ ಮ್ಯಾಲೇ ಉಳಿತಾವಲ್ರೀ ಸಾಹೇಬ್ರ."

"ಅಂವಂದು ಹ್ಯಾಂಗರ ಆಕ್ಕೈತಿ. ನಿನ್ನ ಸರ್ವಿಸಿನ್ಯಾಗ ಕಪ್ಪು ಚುಕ್ಕಿ ಯಾಕ? ಹೆಣ್ಮಗಳು, ಮೊದ್ಲೇ ನಾಕ್ ಮಂದಿ ಕಣ್ಣು ನಿನ್ನ ಮ್ಯಾಲೈತಿ. ಇಷ್ಟು ವರ್ಷ ಒಂದು ಮಾತು ಬರದಂಗ ಕೆಲಸ ಮಾಡೀಯಲ್ಲ."

ಅವರು ಹೇಳಿದ್ದು ಸುಳ್ಳಲ್ಲ. ನಾನು ತಪ್ಪು ಮಾಡುವುದನ್ನೇ ಕಾಯುತ್ತಿದ್ದವರು ಇದ್ದರು. ಪಿಟ್ಟಿಗೆ ಹೋಗಿ ಒಂದು ಗಂಟೆ ಕೆಲಸ ಮಾಡಿದೆ. ಹೊಸ ಮೌಂಟಿಂಗ್ ಹಾಕಿದೆ, ಏಕೆಂದರೆ ಅದನ್ನು ಬದಲಿಸದೆ ಹೊಸ ಕೊಳವೆ ಹಾಕಿದರೆ ಅದೂ ಸೀಳುತ್ತದೆ. ಕೈ ಕೆಲಸ ಮಾಡುತ್ತಿತ್ತು, ಮನಸ್ಸು ಕ್ಯಾಂಟೀನಿನಲ್ಲಿತ್ತು. ಅಂದು ಆ ಮಾತು ಕೇಳಿಯೂ ಸುಮ್ಮನೆ ಚಹಾ ಕುಡಿದೆನಲ್ಲ ಎಂಬುದು ಬಿರುಕಿಗಿಂತ ಹೆಚ್ಚು ಚುಚ್ಚಿತು. ಕೈ ತೊಳೆದುಕೊಂಡು ಹಾಳೆ ತೆಗೆದು ಬರೆದೆ: 'ಈ ಹಿಂದೆ ನಾನು ಕೊಟ್ಟ ವರದಿ ತಪ್ಪು. ದೋಷ ಆಗಲೂ ಇತ್ತು. ಅರ್ಧ ಒತ್ತಡದಲ್ಲಿ ಪರೀಕ್ಷಿಸಿದ್ದರಿಂದ ಮತ್ತು ಮೌಂಟಿಂಗ್ ನೋಡದೇ ಇದ್ದುದರಿಂದ ನನಗೆ ಕಾಣಲಿಲ್ಲ.'

ಡಿಪೊ ಮ್ಯಾನೇಜರರು ಓದಿದರು. ಅವರು ಬೇರೆ ಜಿಲ್ಲೆಯಿಂದ ಬಂದ ಕಟ್ಟುನಿಟ್ಟಿನ ಮನುಷ್ಯ. "ಇಷ್ಟು ಸಣ್ಣ ಬಿರುಕಿಗೆ ಅಷ್ಟು ಡೀಸೆಲ್ ಹೋಗುತ್ತಾ?" ಎಂದು ಕೇಳಿದರು. ನಾನು ಕೊಳವೆಯನ್ನು ಅವರ ಮೇಜಿನ ಮೇಲೆ ಇಟ್ಟು, "ಎರಡೂ ಕೈಲೆ ಹಿಡದು ತಿರುವಿ ನೋಡ್ರಿ ಸರ್" ಎಂದೆ. ಅವರು ಅಂಗಿಯ ತೋಳು ಮೇಲೆ ಮಾಡಿ ತಿರುವಿದರು. ಬಿರುಕು ತುಟಿಯಂತೆ ತೆರೆಯಿತು. ಬಿಟ್ಟರು, ಮುಚ್ಚಿತು. ಮೂರು ಸಲ ಹಾಗೆ ಮಾಡಿದರು.

"ಪಟ್ಟಿಯಿಂದ ಅವನ ಹೆಸರು ತೆಗೆಸ್ತೀನಿ. ನಾಳೆಯಿಂದ ಅದೇ ಮಾರ್ಗ" ಎಂದರು. ಆಮೇಲೆ, "ನಿಮಗೆ ಮೆಮೊ ಕೊಡಬೇಕಾಗುತ್ತೆ" ಎಂದರು.

"ಕೊಡ್ರಿ ಸರ್."

ಕೊಟ್ಟರು. ಇಂದಿಗೂ ನನ್ನ ಸೇವಾ ಪುಸ್ತಕದಲ್ಲಿ ಅದಿದೆ.

ಯಮನೂರಪ್ಪನಿಗೆ ಸುದ್ದಿ ಹೇಳಿದಾಗ ಅವನು ಸಂತೋಷಪಡಲಿಲ್ಲ. "ಹೆಸರು ಹಾಕಿದಾಗ ಎಲ್ಲಾರೂ ನೋಡಿದ್ರು ಅಕ್ಕಾರ. ತಗದ್ರ ಯಾರಿಗೆ ಕಾಣತೈತಿ?" ಎಂದ. ಹೋದ.

ಅದು ನಿಜ. ಅಳಿಸಿದ ಹೆಸರು ಯಾರ ಕಣ್ಣಿಗೂ ಬೀಳುವುದಿಲ್ಲ. ನಾನು ಮ್ಯಾನೇಜರರ ಒಪ್ಪಿಗೆ ಕೇಳಿ, ಆ ಕೊಳವೆಯನ್ನು ತಂತಿಯಿಂದ ನೋಟಿಸ್ ಬೋರ್ಡಿನ ಕೆಳಗೆ ನೇತುಹಾಕಿದೆ. ಅದರ ಮೇಲೆ ದಪ್ಪ ಅಕ್ಷರದಲ್ಲಿ ಒಂದು ಹಾಳೆ ಅಂಟಿಸಿದೆ: 'ಯಮನೂರಪ್ಪನವರ ಬಸ್ಸಿನ ಡೀಸೆಲ್ ಹೋದದ್ದು ಇಲ್ಲಿಂದ. ಪರೀಕ್ಷೆಯಲ್ಲಿ ತಪ್ಪಿದವಳು ನಾನು. ಹುಲಿಗೆಮ್ಮ.'

ಮರುದಿನ ಬೆಳಿಗ್ಗೆ ಡ್ಯೂಟಿಗೆ ಬಂದ ಚಾಲಕರು, ಕಂಡಕ್ಟರುಗಳು ಒಬ್ಬೊಬ್ಬರಾಗಿ ಅದನ್ನು ಹಿಡಿದು ತಿರುವಿ ನೋಡಿದರು. ಕ್ಯಾಂಟೀನಿನಲ್ಲಿ ಟ್ಯಾಂಕಿನ ತೂತಿನ ಮಾತಾಡಿದವನೂ ತಿರುವಿದ. ಅವನ ಹಿಂದೆಯೇ ಯಮನೂರಪ್ಪ ನಿಂತಿದ್ದ. ಆ ಮಾತಾಡಿದವನು ತಿರುಗಿ ನೋಡಿ, ಏನೋ ಹೇಳಹೋಗಿ, "ಚಾ ಆತೇನಣ್ಣಾ?" ಎಂದ.

"ಇನ್ನೂ ಇಲ್ಲ" ಎಂದ ಯಮನೂರಪ್ಪ.

"ಬಾ, ಕುಡಿಯೋಣು."

ಇಬ್ಬರೂ ಕ್ಯಾಂಟೀನಿನ ಕಡೆ ನಡೆದರು. ನಾಲ್ಕು ಹೆಜ್ಜೆ ಹೋಗಿ ಯಮನೂರಪ್ಪ ನಿಂತ. ಪಿಟ್ಟಿನಿಂದ ತಲೆ ಹೊರಗೆ ಹಾಕಿ ನಿಂತಿದ್ದ ನನ್ನನ್ನು ನೋಡಿ, "ಬರ್ರಿ ಅಕ್ಕಾರ, ನೀವೂ ಬರ್ರಿ" ಎಂದು ಕರೆದ.